ವೇಗ ಅಳೆಯುವ ಗಡಿಯಾರ ಗುಟ್ಟು ಬಿಟ್ಟುಕೊಟ್ಟಾಗ

ನೀವು ಒಂದು ವೆಬ್‌ಸೈಟ್ ತೆರೆದಾಗ ಅದರ ಯಾವ ಚಿತ್ರ, ಯಾವ ಫಾಂಟ್ ಎಷ್ಟು ಹೊತ್ತಿನಲ್ಲಿ ಬಂತು ಅನ್ನೋದನ್ನ ಬ್ರೌಸರ್ ಲೆಕ್ಕ ಇಡುತ್ತೆ. ರಿಸೋರ್ಸ್ ಟೈಮಿಂಗ್ ಅನ್ನುವ ಸೌಲಭ್ಯದ ಮೂಲಕ ಸೈಟಿನ ಕೋಡ್ ಆ ಲೆಕ್ಕವನ್ನು ಓದಬಹುದು. ಉದ್ದೇಶ ಒಳ್ಳೆಯದೇ. ಪುಟ ಎಲ್ಲಿ ನಿಧಾನವಾಯ್ತು ಅಂತ ಗೊತ್ತಾಗದೆ ಸರಿಪಡಿಸೋದು ಹೇಗೆ? ಆದರೆ ಲೊಕೇಶನ್‌ಗೆ ಅನುಮತಿ ಕೇಳುವ ಬ್ರೌಸರ್ ಇದಕ್ಕೆ ಕೇಳೋದಿಲ್ಲ.

ತೊಂದರೆ ಶುರುವಾಗೋದು ಕ್ಯಾಶ್‌ನಿಂದ. ಒಮ್ಮೆ ನೋಡಿದ ಸೈಟಿನ ಲೋಗೋ ನಿಮ್ಮ ಕಂಪ್ಯೂಟರಿನಲ್ಲೇ ಉಳಿದಿರುತ್ತೆ, ಮತ್ತೆ ಕೇಳಿದರೆ ಥಟ್ಟನೆ ಸಿಗುತ್ತೆ. ಹಾಗಾಗಿ ಬೇರೊಂದು ಸೈಟ್ ಅದೇ ಲೋಗೋ ತರಿಸಿ ಸಮಯ ನೋಡಿದರೆ ಸಾಕಿತ್ತು. ಬೇಗ ಬಂತಾ, ನೀವು ಅಲ್ಲಿಗೆ ಹೋಗಿದ್ದಿರಿ ಅಂತ ಊಹಿಸಬಹುದಿತ್ತು. ಅದು ಯಾವುದೋ ಕಾಯಿಲೆಯ ಬಗೆಗಿನ ಸೈಟ್ ಅಂದುಕೊಳ್ಳಿ. ಕುಕೀ ಅಳಿಸಿದರೂ ಈ ಸುಳಿವು ಹೋಗೋದಿಲ್ಲ. ಪ್ರಿನ್ಸ್‌ಟನ್‌ನ ಎಡ್ವರ್ಡ್ ಫೆಲ್ಟನ್ ಮತ್ತು ಮೈಕೇಲ್ ಶ್ನೈಡರ್ ಇದನ್ನು 2000ದಲ್ಲೇ ತೋರಿಸಿಕೊಟ್ಟಿದ್ದರು. ಪರಿಹಾರ ಅಂದರೆ ಪ್ರತಿ ಸೈಟಿಗೂ ಕ್ಯಾಶ್ ಬೇರೆ ಮಾಡೋದು. ಸಫಾರಿ ಮೊದಲೇ ಮಾಡಿತ್ತು. ಕ್ರೋಮ್‌ಗೆ ಅದು ಬಂದಿದ್ದು 2020ರಲ್ಲಿ, ಫೈರ್‌ಫಾಕ್ಸ್‌ಗೆ 2021ರ ಜನವರಿಯಲ್ಲಿ. ಇಪ್ಪತ್ತು ವರ್ಷ!

ಎರಡನೇ ಪೆಟ್ಟು 2018ರ ಜನವರಿಯಲ್ಲಿ ಬಿತ್ತು. ಪ್ರೊಸೆಸರ್‌ಗಳಲ್ಲಿನ ಸ್ಪೆಕ್ಟರ್ ದೋಷ ಬಯಲಾದಾಗ, ಸೂಕ್ಷ್ಮ ಗಡಿಯಾರವೊಂದು ಕೈಗೆ ಸಿಕ್ಕರೆ ವೆಬ್ ಪುಟದ ಕೋಡ್ ತನ್ನದಲ್ಲದ ಮೆಮೊರಿಯನ್ನೂ ಊಹಿಸಿ ಓದಬಹುದು ಅಂತ ಗೊತ್ತಾಯ್ತು. ಬ್ರೌಸರ್‌ಗಳು ಗಾಬರಿಯಿಂದ ಗಡಿಯಾರವನ್ನೇ ಮೊಂಡು ಮಾಡಿದವು. ಫೈರ್‌ಫಾಕ್ಸ್ ಮೊದಲು 20 ಮೈಕ್ರೋಸೆಕೆಂಡಿಗೆ ಇಳಿಸಿತು, ಆಮೇಲೆ ಇನ್ನೂ ಒರಟು ಮಾಡಿತು. ಈಗ ಕ್ರೋಮ್ ಸಾಮಾನ್ಯ ಪುಟಗಳಿಗೆ ಕೊಡೋದು 100 ಮೈಕ್ರೋಸೆಕೆಂಡ್. ಇತರ ಸೈಟುಗಳಿಂದ ತನ್ನನ್ನು ಪೂರ್ತಿ ಪ್ರತ್ಯೇಕಿಸಿಕೊಂಡ ಪುಟಕ್ಕೆ ಮಾತ್ರ 5.

ಇದರಿಂದ ವೇಗ ಅಳೆಯುವವರಿಗೆ ಅನ್ಯಾಯ ಆಯ್ತು ಅನ್ನೋ ದೂರು ನನಗಂತೂ ಒಪ್ಪಿಗೆಯಾಗೋದಿಲ್ಲ. ಪುಟ ತೆರೆಯೋಕೆ ಎರಡು ಸೆಕೆಂಡ್ ಹಿಡಿಯಿತೋ ಮೂರೋ ಅಂತ ತಿಳಿಯಲು ಸೆಕೆಂಡಿನ ಲಕ್ಷದ ಒಂದು ಭಾಗ ಯಾಕೆ ಬೇಕು? ಹಾಗಂತ ಮೊಂಡು ಗಡಿಯಾರವೇ ಪೂರ್ತಿ ರಕ್ಷಣೆಯೂ ಅಲ್ಲ. ಅದೇ ಅಳತೆಯನ್ನು ಸಾವಿರ ಸಲ ಮಾಡಿ ಸರಾಸರಿ ತೆಗೆದರೆ ಕಳೆದುಹೋದ ನಿಖರತೆ ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತೆ.

ಇನ್ನೂ ಬಿಗಿ ಬೇಕು ಅನ್ನುವವರಿಗೆ ಫೈರ್‌ಫಾಕ್ಸ್‌ನಲ್ಲಿ 'ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್' ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿದರೆ ಗಡಿಯಾರ ಮತ್ತಷ್ಟು ಒರಟಾಗುತ್ತೆ, ಜೊತೆಗೆ ನಿಮ್ಮ ಟೈಮ್‌ಝೋನ್ ಕೂಡ ಮರೆಯಾಗುತ್ತೆ. ಆಗ ಕೆಲವು ಸೈಟುಗಳಲ್ಲಿ ಸಮಯ ಐದೂವರೆ ಗಂಟೆ ಹಿಂದಿದ್ದರೆ ಕಂಪ್ಯೂಟರ್ ಕೆಟ್ಟಿದೆ ಅಂದುಕೊಳ್ಳಬೇಡಿ.