ಮಹಾರಾಜರು ಉಳಿಸಿದ ಪಿಯಾನೋ

ಮೈಸೂರು ಅರಮನೆ ಎಂದೊಡನೆ ವೀಣೆ ನೆನಪಾಗುತ್ತದೆ, ಪಿಯಾನೋ ನೆನಪಾಗುವುದಿಲ್ಲ. ಆದರೆ ರಷ್ಯದ ಪಿಯಾನೋ ವಾದಕ ನಿಕೊಲಾಯ್ ಮೆಟ್ನರ್ ಅವರ ನುಡಿಸಾಣಿಕೆಯನ್ನು ನಾವು ಇಂದು ಕೇಳಬಹುದಾದರೆ, ಬಹುಮಟ್ಟಿಗೆ ಅದಕ್ಕೆ ಕಾರಣ ಈ ಅರಮನೆಯ ಹಣ.

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಅಲ್ಲಿನ ಸಂಗೀತ ವಿದ್ಯಾಲಯದಲ್ಲೇ ಕಲಿತು, ಅಲ್ಲೇ ಅಧ್ಯಾಪಕರಾದವರು. ಕ್ರಾಂತಿಯ ಬಳಿಕ 1921ರಲ್ಲಿ ದೇಶ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿ ಪಾಠ ಹೇಳಿಕೊಂಡಿದ್ದರು. ಎರಡನೆಯ ಮಹಾಯುದ್ಧ ಶುರುವಾದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತವೂ ಆಯಿತು.

ಇತ್ತ ಜಯಚಾಮರಾಜ ಒಡೆಯರ್ ತಾವೇ ಪಿಯಾನೋ ಕಛೇರಿ ನಡೆಸುವ ಕನಸು ಕಂಡಿದ್ದವರು. 1940ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಕೂಡ. ಇಪ್ಪತ್ತೊಂದರ ತರುಣನಿಗೆ ಸಿಂಹಾಸನ ಬಂತು, ವೇದಿಕೆ ಕೈತಪ್ಪಿತು. ಯಾವುದು ದೊಡ್ಡದೆಂದು ಅವರನ್ನು ಕೇಳಿದವರಿದ್ದರೋ ಇಲ್ಲವೋ!

ಯುದ್ಧ ಮುಗಿದ ಮೇಲೆ ಅವರು ಮೆಟ್ನರ್ ಸಂಗೀತದ ಧ್ವನಿಮುದ್ರಣದ ವೆಚ್ಚ ಹೊತ್ತರು. ಎಪ್ಪತ್ತರ ಹತ್ತಿರವಿದ್ದ, ಹೃದಯ ದುರ್ಬಲವಾಗಿದ್ದ ಮೆಟ್ನರ್ ತಮ್ಮ ಮೂರೂ ಕನ್ಚರ್ಟೊಗಳನ್ನು, ಅಂದರೆ ವಾದ್ಯವೃಂದದೊಡನೆ ಪಿಯಾನೋ ನುಡಿಸುವ ದೊಡ್ಡ ಕೃತಿಗಳನ್ನು, ಎಚ್.ಎಂ.ವಿ. ತಟ್ಟೆಗಳಿಗಾಗಿ ತಾವೇ ನುಡಿಸಿದರು. ಮೂರನೆಯದನ್ನು ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರಿನಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು.

ಒಡೆಯರ್ ಮಾತ್ರ ಕರ್ನಾಟಕ ಸಂಗೀತದತ್ತ ತಿರುಗಿ, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.