ಸೀಟಿನ ಲೆಕ್ಕ ಯಾರ ಕೈಯಲ್ಲಿ?

1985ರವರೆಗೆ ದೆಹಲಿಯಲ್ಲಿ ರೈಲಿನ ಸೀಟು ಕಾಯ್ದಿರಿಸುವುದೆಂದರೆ ಮೊದಲು ಸರಿಯಾದ ಕೌಂಟರ್ ಹುಡುಕುವುದು. ರೈಲಿನ ಲೆಕ್ಕ ರಿಜಿಸ್ಟರಿನಲ್ಲಿ, ರಿಜಿಸ್ಟರ್ ಗುಮಾಸ್ತರ ಮೇಜಿನ ಮೇಲೆ. ಬೇರೆ ರೈಲು ಬೇಕೆಂದರೆ ಬೇರೆ ಸಾಲು. ಆದರೆ ಈ ಪದ್ಧತಿಯಲ್ಲಿ ಒಂದು ನೆಮ್ಮದಿಯಿತ್ತು: ಪುಸ್ತಕ ಒಂದೇ, ಅದರಲ್ಲಿ ಬರೆಯುವ ಕೈಯೂ ಒಂದೇ. ಪುಟದಲ್ಲಿ ಇದ್ದದ್ದೇ ನಿಜ.

1985ರ ನವೆಂಬರ್ 15ರಂದು ನವದೆಹಲಿಯಲ್ಲಿ ‘ಇಂಪ್ರೆಸ್’ ಶುರುವಾಯಿತು. ಸಿಎಂಸಿ ಸಂಸ್ಥೆಯೊಡನೆ ಸೇರಿ ರೈಲ್ವೆ ರೂಪಿಸಿದ ಈ ವ್ಯವಸ್ಥೆಯಲ್ಲಿ ಯಾವ ಕೌಂಟರಿನಲ್ಲಾದರೂ ಯಾವ ರೈಲಿನ ಟಿಕೆಟ್ಟಾದರೂ ಸಿಗತೊಡಗಿತು. ಮರುವರ್ಷ ರೈಲ್ವೆಯ ತಂತ್ರಾಂಶದ ಕೆಲಸಕ್ಕೆಂದೇ ‘ಕ್ರಿಸ್’ ಹುಟ್ಟಿತು. ಲೆಕ್ಕ ಪುಸ್ತಕದಿಂದ ಕಂಪ್ಯೂಟರಿಗೆ ಹೋಯಿತು, ಕೈಗಳು ಹಲವಾದವು. 1999ರ ಹೊತ್ತಿಗೆ ದೇಶದ ಐದು ಕೇಂದ್ರಗಳು ಒಂದಕ್ಕೊಂದು ಜೋಡಣೆಗೊಂಡವು. 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿ ಅಂತರ್ಜಾಲದಲ್ಲಿ ಟಿಕೆಟ್ ಮಾರಲು ಆರಂಭಿಸಿದಾಗ ಕೌಂಟರ್ ಮನೆಗೇ ಬಂತು.

ಹೊಸ ತೊಡಕು ಶುರುವಾದದ್ದು ಅಲ್ಲಿ. ಮನೆಯ ಪರದೆ ತೋರಿಸುವುದು ಲೆಕ್ಕವನ್ನಲ್ಲ, ಲೆಕ್ಕದ ನಕಲನ್ನು. ದೆಹಲಿಯಿಂದ ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಬೇಕಾದವರು ‘ನಾಲ್ಕು ಸೀಟು ಖಾಲಿ’ ಎಂಬುದನ್ನು ನೋಡಿ, ಹೆಸರು, ವಯಸ್ಸು ತುಂಬಿ, ಹಣ ಕಟ್ಟುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಬಂದಿರಬಹುದು. ಪರದೆ ಸುಳ್ಳು ಹೇಳಿಲ್ಲ. ಹಳೆಯ ನಿಜ ಹೇಳಿದೆ.

ವೆಬ್ ಪುಟ ಕಟ್ಟುವವರು ಇದೇ ಪ್ರಶ್ನೆಯನ್ನು ಪುಟದೊಳಗೂ ಎದುರಿಸಿದರು. 2013ರಲ್ಲಿ ಫೇಸ್‌ಬುಕ್ ಎಲ್ಲರ ಬಳಕೆಗೆ ಬಿಟ್ಟ ‘ರಿಯಾಕ್ಟ್’ ಕೊಟ್ಟ ಉತ್ತರ ಸರಳ: ಸ್ಟೇಟ್, ಅಂದರೆ ಈ ಹೊತ್ತಿನ ಸ್ಥಿತಿ, ಒಂದೇ ಕಡೆ ಇರಲಿ, ಪರದೆ ಅದರಿಂದಲೇ ಮೂಡಲಿ. ಆದರೆ ಆಗ ಸ್ಟೇಟ್ ಇಟ್ಟುಕೊಳ್ಳಲು ಕ್ಲಾಸ್ ಬರೆಯಬೇಕಿತ್ತು. ಗುಂಡಿ ಒತ್ತಿದಾಗ ಓಡುವ ಈವೆಂಟ್ ಹ್ಯಾಂಡ್ಲರನ್ನು ಆ ಕ್ಲಾಸಿಗೆ ಕಟ್ಟಿಹಾಕಲು ಮರೆತರೆ ಕೋಡ್ ಮುಗ್ಗರಿಸುತ್ತಿತ್ತು. 2018ರ ಅಕ್ಟೋಬರಿನಲ್ಲಿ ಘೋಷಣೆಯಾಗಿ 2019ರ ಫೆಬ್ರವರಿಯಲ್ಲಿ ಬಂದ ‘ಹುಕ್ಸ್’ ಆ ಹೊರೆ ಇಳಿಸಿತು. ಸಾದಾ ಫಂಕ್ಷನ್‌ಗೂ ‘ಯೂಸ್‌ಸ್ಟೇಟ್’ ಮೂಲಕ ನೆನಪು ಬಂತು.

ಹಳೆಯ ನಿಜದ ಕಾಟ ಮಾತ್ರ ಹೋಗಲಿಲ್ಲ. ಫಂಕ್ಷನ್ ಓಡಿದಾಗಲೆಲ್ಲ ಅದರೊಳಗಿನ ಹ್ಯಾಂಡ್ಲರ್ ಆ ಗಳಿಗೆಯ ಬೆಲೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೀಟು ನಾಲ್ಕು ಎಂದಿರುವಾಗ ಒಂದೇ ಹ್ಯಾಂಡ್ಲರ್ ಎರಡು ಬಾರಿ ‘ನಾಲ್ಕರಲ್ಲಿ ಒಂದು ಕಳೆ’ ಎಂದರೆ ಉಳಿಯುವುದು ಎರಡಲ್ಲ, ಮೂರು. ಅದಕ್ಕೇ ಬೆಲೆಯ ಬದಲು ಸೂಚನೆ ಕೊಡುವ ದಾರಿಯಿದೆ: ‘ಈಗ ಎಷ್ಟಿದೆಯೋ ಅದರಲ್ಲಿ ಒಂದು ಕಳೆ.’ ಆಗ ಲೆಕ್ಕ ಸರಿಹೋಗುತ್ತದೆ.

ಇದು ಒಂದು ಪುಟದೊಳಗಿನ ಮದ್ದು ಮಾತ್ರ. ಸಾವಿರಾರು ಪರದೆಗಳು ಒಂದೇ ಬರ್ತಿಗೆ ಕೈಚಾಚಿದಾಗ ತೀರ್ಪು ಕೊಡಬೇಕಾದದ್ದು ರೈಲ್ವೆಯ ಸರ್ವರ್. ಪರದೆ ಕೋರಿಕೆ ಸಲ್ಲಿಸಬಹುದು, ಸೀಟು ಕೊಡಲಾರದು. ಗುಮಾಸ್ತರ ರಿಜಿಸ್ಟರ್ ಮಾಯವಾಗಿ ದಶಕಗಳಾದರೂ ಅದರ ನಿಯಮ ಉಳಿದಿದೆ: ನೋಡುವವರು ಎಷ್ಟೇ ಇರಲಿ, ಬರೆಯುವ ಪುಸ್ತಕ ಒಂದೇ ಇರಬೇಕು.