ಕೃಷ್ಣಾತೀರದ ಸ್ತ್ರೀಯರೂ ಎಚ್‌.ಐ.ವಿ. ವ್ಯಾಧಿಯೂ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಕೃಷ್ಣೆಯ ದಂಡೆಗೆ ಹೊಂದಿ, ಉಗಾರ ಬುದ್ರುಕವೆಂಬ ಗ್ರಾಮವಿರುವದು. ನೆರೆಯ ಉಗಾರ ಖುರ್ದದಲ್ಲಿ ಸಕ್ಕರೆಯ ಕಾರಖಾನೆ. ಸುತ್ತಲೂ ಕಬ್ಬಿನ ಹೊಲಗಳು. ಕೆಲವು ಹರದಾರಿ ಹೋದರೆ ಮಿರಜೆ, ಅದರಾಚೆಗೆ ಸಾಂಗಲಿ. ವ್ಯಾಪಾರ, ಬೀಗತನ, ಸವದತ್ತಿಯ ಯಲ್ಲಮ್ಮನ ಯಾತ್ರೆ ಇವು ಯಾವವೂ ಈ ಸೀಮೆಯಲ್ಲಿ ಪ್ರಾಂತದ ಗಡಿಯನ್ನು ಲೆಕ್ಕಿಸಿದವುಗಳಲ್ಲ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಹಬ್ಬಿದ ಎಚ್‌.ಐ.ವಿ. ವ್ಯಾಧಿಯೂ ಅದನ್ನು ಲೆಕ್ಕಿಸಲಿಲ್ಲ. ಆದುದರಿಂದ ಈ ವ್ಯಾಧಿಗೆ ಗುರಿಯಾದ ಸ್ತ್ರೀಯರ ಚರಿತ್ರೆಯನ್ನು ಅರಿಯಬೇಕೆನ್ನುವ ವಾಚಕರು ಗಡಿಯ ಎರಡೂ ಬದಿಗೆ ದೃಷ್ಟಿಯಿಡಬೇಕಾಗುವದು.

ಭರತಖಂಡದಲ್ಲಿ ಈ ರೋಗವು ಮೊದಲು ಗೊತ್ತಾದದ್ದು ೧೯೮೬ರಲ್ಲಿ, ಮದ್ರಾಸಿನಲ್ಲಿ. ಡಾ. ಸುನಿತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವೈದ್ಯವಿದ್ಯಾರ್ಥಿನಿಯು ವೇಶ್ಯಾವೃತ್ತಿಯ ಸ್ತ್ರೀಯರ ರಕ್ತವನ್ನು ಸಂಗ್ರಹಿಸಿ, ವೆಲ್ಲೂರಿನಲ್ಲಿ ಪರೀಕ್ಷೆ ಮಾಡಿಸಿದಳು. ಶೋಧವು ಮಹತ್ತ್ವದ್ದು, ಅದರ ಬೆನ್ನಿಗೆ ಹುಟ್ಟಿದ ಅಪವಾದವು ಮಾತ್ರ ದೀರ್ಘಾಯುವಾಯಿತು. ಹುಡುಕಿದ್ದು ಆ ಸ್ತ್ರೀಯರಲ್ಲಿ, ಆದುದರಿಂದ ಸಿಕ್ಕದ್ದೂ ಅವರಲ್ಲಿಯೇ. ಅವರಿಗೆ ರೋಗವನ್ನು ತಂದ ಪುರುಷರ ಮೇಲೆ ಆ ಅಪವಾದವು ಅಂಟಲಿಲ್ಲ.

ಈ ಸೀಮೆಯಲ್ಲಿ ಅಪವಾದವನ್ನು ಹೊರಲು ಒಂದು ವರ್ಗವು ಮೊದಲೇ ಸಿದ್ಧವಾಗಿತ್ತು. ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಬಡ ಹೆಣ್ಣುಮಕ್ಕಳಲ್ಲಿ ಅನೇಕರು ಸಾಂಗಲಿ, ಪುಣೆ, ಮುಂಬಯಿಗಳ ವೇಶ್ಯಾಗೃಹಗಳನ್ನು ಸೇರುತ್ತಿದ್ದರು. ಮುಂಬಯಿ ಸರಕಾರವು ೧೯೩೪ರಲ್ಲಿಯೇ ಈ ಪದ್ಧತಿಯನ್ನು ನಿಷೇಧಿಸಿತ್ತು. ಕರ್ನಾಟಕ ಸರಕಾರವು ೧೯೮೨ರಲ್ಲಿ ಮತ್ತೊಂದು ಕಾಯದೆಯನ್ನು ಮಾಡಿತು. ಅರ್ಧ ಶತಮಾನದ ಅಂತರದಲ್ಲಿ ಒಂದೇ ದೋಷಕ್ಕೆ ಎರಡು ಕಾಯದೆಗಳು ಬೇಕಾದವೆಂದರೆ ಮೊದಲನೆಯದರ ಬಲವೆಷ್ಟೆಂಬದು ಸ್ಪಷ್ಟವೇ ಇದೆ.

೧೯೯೨ರಲ್ಲಿ ಸಾಂಗಲಿಯಲ್ಲಿ ಮೀನಾ ಶೇಷು ಅವರು 'ಸಂಗ್ರಾಮ' ಸಂಸ್ಥೆಯ ಕೆಲಸವನ್ನು ಆರಂಭಿಸಿದರು. ಉಪದೇಶ ಮಾಡುವದಕ್ಕಿಂತ ಆ ಸ್ತ್ರೀಯರ ಕೈಗೇ ಕಾರ್ಯವನ್ನು ಒಪ್ಪಿಸುವದು ಅವರ ರೀತಿ. ನಿರೋಧಗಳನ್ನು ಹಂಚುವವರೂ, ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವವರೂ ಅವರೇ ಆದರು. ೧೯೯೬ರಲ್ಲಿ ಅವರು ತಮ್ಮದೇ ಸಂಘವೊಂದನ್ನು ಕಟ್ಟಿ ಅದಕ್ಕೆ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್' ಎಂದು ಹೆಸರಿಟ್ಟರು. ಲೋಕವು ಬೈಗಳವಾಗಿ ಬಳಸುತ್ತಿದ್ದ ಶಬ್ದವನ್ನೇ ಹೆಸರಿನ ಮೊದಲಿಗೆ ಇಟ್ಟುಕೊಂಡ ಈ ಧೈರ್ಯವು ಯಾವ ವೈಯಾಕರಣನೂ ಕಲಿಸಿಕೊಟ್ಟದ್ದಲ್ಲ. ಪರಿಷತ್ತಿನ ಕಾರ್ಯವು ಗಡಿ ದಾಟಿ ತಂಬಾಕಿನ ಪೇಟೆಯಾದ ನಿಪ್ಪಾಣಿಗೂ ಬಂದಿತು. ಅಲ್ಲಿ ಅದರ ಸ್ತ್ರೀಯರು ಅನುಭವಿಸಿದ ಕಿರುಕುಳವು ೨೦೦೨ರಲ್ಲಿ ಪರದೇಶಗಳವರೆಗೂ ವರದಿಯಾಯಿತು. ಈಚೆಯ ಬದಿಗೆ, ಘಟಪ್ರಭೆಯ ಸೀಮೆಯಲ್ಲಿ, ಮೈರಾಡಾ ಸಂಸ್ಥೆಯ ನೆರವಿನಿಂದ ೧೯೯೭ರಲ್ಲಿ ಮಾಜಿ ದೇವದಾಸಿಯರೇ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ'ಯನ್ನು ಸ್ಥಾಪಿಸಿದರು.

ಇಷ್ಟರಲ್ಲಿ ಸಭ್ಯ ಗೃಹಗಳು ತಮಗಿದು ಸಂಬಂಧವಿಲ್ಲವೆಂದು ನಿಶ್ಚಿಂತವಾಗಿದ್ದವು. ಆದರೆ ರೋಗವು ಪೇಟೆಯಲ್ಲಿ ನಿಲ್ಲದೆ ಗಂಡಂದಿರೊಡನೆ ಮನೆಗೆ ಬಂದಿತು. ಈ ದೇಶದಲ್ಲಿ ಸೋಂಕಿಗೆ ಗುರಿಯಾದ ಸ್ತ್ರೀಯರಲ್ಲಿ ಬಹುಮಂದಿ ಪತಿಯ ಹೊರತು ಅನ್ಯಪುರುಷರನ್ನು ಅರಿಯದವರು. ಬಸುರಿನ ಪರೀಕ್ಷೆಯಲ್ಲಿ ಅವಳ ಸೋಂಕು ಮೊದಲು ಗೊತ್ತಾಗುವದು, ಅವನದು ಆ ಮೇಲೆ; ಮೊದಲು ಗೊತ್ತಾದವಳೇ ಮೊದಲು ತಂದವಳೆಂದು ಅತ್ತೆಮನೆಯ ತರ್ಕ! ಗಂಡನ ಉತ್ತರಕ್ರಿಯೆ ಮುಗಿಯುವದರೊಳಗೆ ತವರಿಗೆ ಅಟ್ಟಲ್ಪಟ್ಟ ವಿಧವೆಯರುಂಟು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯದೆಯು ಪತಿಯ ಆಸ್ತಿಯಲ್ಲಿ ಅವರಿಗೆ ಕೊಟ್ಟ ಪಾಲನ್ನು ಯಾವ ರೋಗವೂ ಕಸಿಯಲಾರದೆಂಬದನ್ನು ಅವರಿಗೆ ಹೇಳುವವರಿದ್ದಿಲ್ಲ.

ಔಷಧದ ಕಥೆಯು ಇದಕ್ಕಿಂತ ಆಶಾದಾಯಕವಾದದ್ದು. ಗರ್ಭಿಣಿಗೆ ಔಷಧವನ್ನು ಕೊಟ್ಟರೆ ಶಿಶುವಿಗೆ ಸೋಂಕುವದು ಮೂರರಲ್ಲಿ ಎರಡು ಪಾಲು ತಗ್ಗುವದೆಂದು ೧೯೯೪ರಲ್ಲಿ ಸಿದ್ಧವಾಯಿತು. ೧೯೯೬ರಲ್ಲಿ ಹಲವು ಔಷಧಗಳ ಸಂಯುಕ್ತ ಚಿಕಿತ್ಸೆಯು ಬಂದಿತು. ಆದರೆ ಅದರ ಬೆಲೆಯು ಶ್ರೀಮಂತ ದೇಶಗಳಿಗೆ ಮಾತ್ರ ನಿಲುಕುವಂಥದು. ೨೦೦೧ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಅದನ್ನು ಕೊಡಲು ಮುಂದಾಯಿತು. ೨೦೦೪ನೆಯ ಎಪ್ರಿಲ್ ೧ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥ ಚಿಕಿತ್ಸೆಯು ಆರಂಭವಾಗಿ, ೨೦೧೭ರಿಂದ ಸೋಂಕಿತರೆಲ್ಲರಿಗೂ, ರೋಗವು ಬಲಿಯುವ ದಾರಿ ಕಾಯದೆ, ದೊರೆಯುವಂತಾಯಿತು. ಗುಳಿಗೆಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವಿಷಾಣುವು ಅಳತೆಗೆ ಸಿಗದಷ್ಟು ಕುಗ್ಗಿದವರಿಂದ ಸಂಗಾತಿಗೆ ಸೋಂಕು ತಗಲುವದಿಲ್ಲವೆಂಬದೂ ಈಗ ನಿಶ್ಚಿತವಾಗಿದೆ.

ಹಕ್ಕುಗಳು ಔಷಧಕ್ಕಿಂತ ತಡವಾಗಿ ಬಂದವು. ೨೦೧೭ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಎಚ್‌.ಐ.ವಿ. ಕಾಯದೆಯು ೨೦೧೮ನೆಯ ಸಪ್ಟಂಬರ ೧೦ರಿಂದ ಜಾರಿಗೆ ಬಂದಿತು. ಒಪ್ಪಿಗೆಯಿಲ್ಲದೆ ರಕ್ತಪರೀಕ್ಷೆ ಮಾಡಲಾಗದು. ಸೋಂಕಿನ ಸಂಗತಿಯನ್ನು ಬಯಲು ಮಾಡಲಾಗದು. ಸೋಂಕಿನ ನೆವದಿಂದ ಕೆಲಸದಿಂದಾಗಲಿ ಶಾಲೆಯಿಂದಾಗಲಿ ತೆಗೆಯಲಾಗದು. ಸಮ್ಮತಿಯಿಲ್ಲದೆ ಗರ್ಭಿಣಿಯ ಗರ್ಭಪಾತವನ್ನಾಗಲಿ ಸಂತಾನಹರಣ ಶಸ್ತ್ರಕ್ರಿಯೆಯನ್ನಾಗಲಿ ಮಾಡಲಾಗದು. ಕೂಡಿ ಬಾಳಿದ ಮನೆಯಿಂದ ಹೊರದೂಡಲಾಗದು. ಈ ಕೊನೆಯ ವಿಧಿಯೇ ಹಳ್ಳಿಯ ವಿಧವೆಗೆ ಹೆಚ್ಚು ಬೆಲೆಯುಳ್ಳದ್ದು. ೨೦೨೨ನೆಯ ಮೇ ೧೯ರಂದು ಸುಪ್ರೀಂ ಕೋರ್ಟು ವೇಶ್ಯಾವೃತ್ತಿಯ ಸ್ತ್ರೀಯರೂ ಮಾನದಿಂದ ಬಾಳಲು ಅರ್ಹರೆಂದು ನಿರ್ದೇಶಗಳನ್ನು ಕೊಟ್ಟಿತು. ಸಾಂಗಲಿ, ನಿಪ್ಪಾಣಿಗಳ ಸ್ತ್ರೀಯರು ಈ ಮಾತನ್ನು ಹೇಳತೊಡಗಿ ಆಗ ಕಾಲು ಶತಮಾನವಾಗಿತ್ತು.

ಉಗಾರದ ಸುತ್ತಲಿನ ಹಳ್ಳಿಗಳಲ್ಲಿ ವಿಧವೆಯೊಬ್ಬಳು ಈ ಹಕ್ಕನ್ನು ಸಾಧಿಸಿಕೊಳ್ಳುವದು ದೊಡ್ಡ ಕೋರ್ಟಿನಲ್ಲಲ್ಲ. ಗಂಡನ ಮರಣದ ದಾಖಲೆಯನ್ನು ಹಿಡಿದು, ವಾರಸಾ ಅರ್ಜಿಯನ್ನು ಕೊಟ್ಟು, ಉತಾರದಲ್ಲಿ ಮೈದುನರ ಹೆಸರಿನ ಪಕ್ಕಕ್ಕೆ ತನ್ನ ಹೆಸರನ್ನು ಬರೆಯಿಸಬೇಕು. ಅದಕ್ಕಾಗಿ ಕಚೇರಿಗೆ ಅವಳೊಡನೆ ಹೋಗಲು ಓದುಬಲ್ಲವರೊಬ್ಬರು ಬೇಕಾಗುವರು.